ನೆನಪಿಗೆ ಬೇಕಾದ ಪ್ರೋಟೀನು ಅಲ್ಲಲ್ಲೇ ತಯಾರು

ಬೆಳಿಗ್ಗೆ ಎಂಟೂವರೆಗೆ ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆ ದಾಟುವುದೆಂದರೆ ಸಾಹಸವೇ. ಮೇಲೆ ಹಳದಿ ಮಾರ್ಗದ ಮೆಟ್ರೊ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಜನರನ್ನು ತುಂಬಿಕೊಂಡು ಸಾಗುತ್ತದೆ. ಕೆಳಗೆ, ಊಟದ ಡಬ್ಬಿಯ ಬ್ಯಾಗು ಹೆಗಲಿಗೆ ಹಾಕಿಕೊಂಡ ಹೆಂಗಸರು ಗಾರ್ಮೆಂಟ್ಸ್ ಗೇಟುಗಳತ್ತ ದಾಪುಗಾಲು ಹಾಕುತ್ತಾರೆ. ಆ ಗುಂಪಿನಲ್ಲಿ ಯಾವಾಗಲೂ ಒಂದಷ್ಟು ಹೊಸ ಮುಖಗಳಿರುತ್ತವೆ: ಚಾಮರಾಜನಗರದ ಕಡೆಯಿಂದಲೋ, ಪಾವಗಡದಿಂದಲೋ, ದೂರದ ಒಡಿಶಾದಿಂದಲೋ ಬಂದು ಟ್ರೇನಿಂಗ್ ಬ್ಯಾಚಿಗೆ ಸೇರಿದವರು.

ಮೊದಲ ದಿನ ಅವರ ಕೈಗೆ ಬಟ್ಟೆ ಸಿಗುವುದಿಲ್ಲ. ಗೆರೆ ಎಳೆದ ಕಾಗದ ಕೊಟ್ಟು, ದಾರವಿಲ್ಲದ ಸೂಜಿಯಲ್ಲಿ ಆ ಗೆರೆಯ ಮೇಲೇ ಮಷೀನು ಓಡಿಸಲು ಹೇಳುತ್ತಾರೆ. ಪೆಡಲು ಒಂದಿಷ್ಟು ಜೋರಾಗಿ ಒತ್ತಿದರೆ ಸಾಕು, ತೂತುಗಳ ಸಾಲು ಎತ್ತಲೋ ಓಡಿಹೋಗಿರುತ್ತದೆ. “ಕಾಲು ನಿಧಾನ ಕಣಮ್ಮಾ, ಕಣ್ಣು ಗೆರೆ ಮೇಲಿರ್ಲಿ” ಎಂದು ಕಲಿಸುವ ಅಕ್ಕ ಬೆನ್ನ ಹಿಂದೆ ನಿಂತು ಹೇಳುತ್ತಲೇ ಇರುತ್ತಾರೆ. ಕೆಲವು ವಾರ ಕಳೆಯಲಿ, ಅದೇ ಹುಡುಗಿ ಪಕ್ಕದವಳ ಜೊತೆ ಊರಿನ ಜಾತ್ರೆಯ ಮಾತಾಡುತ್ತಲೇ ಕಾಲರ್ ಹೊಲಿದು ಮುಂದಿನವಳಿಗೆ ದಾಟಿಸುತ್ತಾಳೆ. ಯುಗಾದಿಗೆ ರಜೆ ಹಾಕಿ ಊರಿಗೆ ಹೋಗಿ ಬಂದರೂ ಕಲಿತದ್ದು ಹೋಗಿರುವುದಿಲ್ಲ.

ಅಷ್ಟು ದಿನದಲ್ಲಿ ಆಕೆಯ ಮಿದುಳಿನಲ್ಲಿ ನಿಜವಾಗಿ ಏನು ಬದಲಾಯಿತು? ಆ ಬದಲಾವಣೆಗೆ ಬೇಕಾದ ಸಾಮಗ್ರಿ ಎಲ್ಲಿ ತಯಾರಾಯಿತು? ಎರಡನೆಯ ಪ್ರಶ್ನೆಗೆ ಕಳೆದ ನಲವತ್ತು ವರ್ಷಗಳಲ್ಲಿ ಸಿಕ್ಕಿರುವ ಉತ್ತರ ಮಿದುಳಿನ ಬಗ್ಗೆ ನಾವು ಶಾಲೆಯಲ್ಲಿ ಓದಿದ ಚಿತ್ರವನ್ನೇ ಬದಲಿಸಿದೆ. ಆ ಉತ್ತರದ ಕೆಲವು ಮುಖ್ಯ ಭಾಗಗಳು ನಮ್ಮ ಬೆಂಗಳೂರಿನಲ್ಲೇ ಬರೆಯಲ್ಪಟ್ಟಿವೆ. ಅದು ಇಲ್ಲಿನ ಜನರಿಗೇ ಅಷ್ಟಾಗಿ ತಿಳಿದಿಲ್ಲ.

ಕಲಿಕೆಗೆ ಪ್ರೋಟೀನು ಬೇಕು

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಬಿರುಕು; ಈ ಬದಿಯಿಂದ ರಾಸಾಯನಿಕ ಹೊರಬೀಳುತ್ತದೆ, ಆ ಬದಿಯ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಏನನ್ನಾದರೂ ಕಲಿತಾಗ ಕೆಲವು ಸಿನಾಪ್ಸ್‌ಗಳು ಬಲಗೊಳ್ಳುತ್ತವೆ, ಕೆಲವು ಸೊರಗುತ್ತವೆ, ಕೆಲವು ಹೊಸದಾಗಿ ಹುಟ್ಟುತ್ತವೆ. ಮುಂಗಾಲಿನಿಂದ ಕಾಳು ಎತ್ತಿಕೊಳ್ಳುವುದನ್ನು ಇಲಿಮರಿಗಳಿಗೆ ಕಲಿಸಿದಾಗ, ಒಂದೇ ಗಂಟೆಯೊಳಗೆ ಅವುಗಳ ಮಿದುಳಿನ ಚಲನಾ ಭಾಗದಲ್ಲಿ ಹೊಸ ಮೊಳಕೆಗಳು ಕಾಣಿಸಿಕೊಂಡಿದ್ದನ್ನು 2009ರಲ್ಲಿ ಸೂಕ್ಷ್ಮದರ್ಶಕದಡಿ ನೇರವಾಗಿ ನೋಡಿದರು. ಅಭ್ಯಾಸ ಮುಂದುವರಿದರೆ ಆ ಮೊಳಕೆಗಳಲ್ಲಿ ಕೆಲವು ಗಟ್ಟಿಯಾಗಿ ಉಳಿಯುತ್ತವೆ.

ಗಟ್ಟಿಯಾಗಲು ಪ್ರೋಟೀನು ಬೇಕು. ಈ ಮಾತಿಗೆ ಹಳೆಯ ಆಧಾರವಿದೆ. 1963ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೂಯಿಸ್ ಮತ್ತು ಜೋಸೆಫಾ ಫ್ಲೆಕ್ಸ್‌ನರ್ ದಂಪತಿ ತಮ್ಮ ಸಹೋದ್ಯೋಗಿಯ ಜೊತೆ ಸೇರಿ, ದಾರಿ ಕಲಿತ ಇಲಿಗಳ ಮಿದುಳಿಗೆ ಪ್ಯೂರೋಮೈಸಿನ್ ಎಂಬ, ಪ್ರೋಟೀನು ತಯಾರಿಕೆಯನ್ನು ತಡೆಯುವ ಔಷಧಿ ಕೊಟ್ಟರು. ಕಲಿತ ದಾರಿ ಮರೆತುಹೋಯಿತು. 2004ರಲ್ಲಿ ಜರ್ಮನಿಯ ಸಂಶೋಧಕರು ಕೈಚಳಕದ ಕಲಿಕೆಯಲ್ಲೂ ಇದೇ ಮಾತು ನಿಜವೆಂದು ತೋರಿಸಿದರು: ತರಬೇತಿ ಮುಗಿದ ಕೂಡಲೇ ಚಲನಾ ಭಾಗದಲ್ಲಿ ಪ್ರೋಟೀನು ತಯಾರಿಕೆಗೆ ತಡೆ ಒಡ್ಡಿದರೆ ಇಲಿಗಳ ಕೈ ಪಳಗುವುದಿಲ್ಲ. ಕೆಲವು ನಿಮಿಷದ ನೆನಪಿಗೆ ಹೊಸ ಪ್ರೋಟೀನು ಬೇಕಿಲ್ಲ. ನಾಳೆಗೂ ಮುಂದಿನ ವರ್ಷಕ್ಕೂ ಉಳಿಯಬೇಕಾದ ನೆನಪಿಗೆ ಬೇಕೇ ಬೇಕು.

ದೂರದ ತೊಡಕು

ಇಲ್ಲಿಂದ ತೊಡಕು ಶುರು. ಪ್ರೋಟೀನಿನ ವಿವರವೆಲ್ಲ ಇರುವುದು ಡಿಎನ್‌ಎಯಲ್ಲಿ. ಡಿಎನ್‌ಎ ಇರುವುದು ನರಕೋಶದ ಒಡಲೊಳಗಿನ ಬೀಜಕೇಂದ್ರದಲ್ಲಿ. ಅಲ್ಲಿ ಡಿಎನ್‌ಎಯ ಬೇಕಾದ ತುಣುಕಿಗೆ ಎಂಆರ್‌ಎನ್‌ಎ ಎಂಬ ಪ್ರತಿ ತೆಗೆಯಲಾಗುತ್ತದೆ. ಬೀಜಕೇಂದ್ರದಿಂದ ಹೊರಬಂದ ಪ್ರತಿಯನ್ನು ಓದಿ ರೈಬೋಸೋಮ್‌ಗಳು ಪ್ರೋಟೀನು ಕಟ್ಟುತ್ತವೆ. ಪಿಯುಸಿ ಓದಿದವರಿಗೆಲ್ಲ ಇಷ್ಟು ಗೊತ್ತು.

ಸಾಮಾನ್ಯ ಜೀವಕೋಶ ಪುಟ್ಟ ಗುಂಡಾದ್ದರಿಂದ ಎಲ್ಲಿ ತಯಾರಾದರೇನು, ಮೂಲೆಗೆ ತಲುಪಲು ಹೊತ್ತು ಹಿಡಿಯುವುದಿಲ್ಲ. ನರಕೋಶದ ಆಕಾರ ಬೇರೆ. ಒಡಲು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು ಮಾತ್ರ. ಅದರಿಂದ ಹೊರಟ ಕವಲುಗಳು ಹತ್ತಾರು ಪಟ್ಟು ದೂರ ಚಾಚಿರುತ್ತವೆ. ಸಂದೇಶ ಸ್ವೀಕರಿಸುವ ಕವಲುಗಳು ಡೆಂಡ್ರೈಟ್. ಸಂದೇಶ ಒಯ್ಯುವ ಉದ್ದನೆಯ ಎಳೆ ಆಕ್ಸಾನ್. ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಆಕ್ಸಾನ್ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ಒಡಲಲ್ಲಿ ತಯಾರಾದ ಅನೇಕ ಪ್ರೋಟೀನುಗಳು ಆಕ್ಸಾನಿನಲ್ಲಿ ದಿನಕ್ಕೆ ಕೆಲವೇ ಮಿಲಿಮೀಟರ್ ವೇಗದಲ್ಲಿ ಸಾಗುತ್ತವೆ.

ದೂರಕ್ಕಿಂತ ದೊಡ್ಡ ತೊಡಕು ವಿಳಾಸದ್ದು. ಒಂದು ನರಕೋಶದ ಮೇಲೆ ಸಾವಿರಾರು ಸಿನಾಪ್ಸ್‌ಗಳಿವೆ, ಕೆಲವದರ ಮೇಲೆ ಹತ್ತು ಸಾವಿರದಷ್ಟು. ಒಂದು ಕಲಿಕೆಯಲ್ಲಿ ಬಲಗೊಳ್ಳಬೇಕಾದವು ಅವುಗಳಲ್ಲಿ ಕೆಲವೇ ಕೆಲವು. ಪಕ್ಕದ್ದು ಇದ್ದ ಹಾಗೇ ಇರಬೇಕು, ಇಲ್ಲದಿದ್ದರೆ ಅದರಲ್ಲಿ ಅಡಗಿದ ಹಳೆಯ ಕಲಿಕೆ ಕೆಡುತ್ತದೆ. ಒಡಲಲ್ಲಿ ತಯಾರಿಸಿ ಕಳಿಸಿದ ಪ್ರೋಟೀನಿಗೆ ಸರಿಯಾದ ಸಿನಾಪ್ಸ್ ಯಾವುದೆಂದು ತಿಳಿಯುವುದು ಹೇಗೆ?

ತುದಿಯಲ್ಲಿ ಕಂಡ ರೈಬೋಸೋಮ್

1982ರಲ್ಲಿ ಅಮೆರಿಕದ ಓಸ್ವಾಲ್ಡ್ ಸ್ಟೀವರ್ಡ್ ಮತ್ತು ವಿಲಿಯಂ ಲೆವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಮಿದುಳಿನ ಡೆಂಡ್ರೈಟ್‌ಗಳನ್ನು ಪರೀಕ್ಷಿಸುತ್ತಿದ್ದರು. ಡೆಂಡ್ರೈಟಿನ ಮೈಮೇಲಿನ ಪುಟ್ಟ ಮೊಳಕೆಗಳ ಬುಡದಲ್ಲಿ, ಅಂದರೆ ಸಿನಾಪ್ಸ್‌ಗಳ ಕೆಳಗೇ, ಗುಂಪುಗುಂಪಾಗಿ ರೈಬೋಸೋಮ್‌ಗಳು ಕಂಡವು. ಒಡಲಿನಿಂದ ಅಷ್ಟು ದೂರದಲ್ಲಿ ಅವುಗಳಿಗೆ ಏನು ಕೆಲಸ? ಪ್ರೋಟೀನು ಕಟ್ಟುವುದನ್ನು ಬಿಟ್ಟರೆ ರೈಬೋಸೋಮಿಗೆ ಬೇರೆ ಕೆಲಸವಿಲ್ಲ.

ಕಂಡದ್ದು ಚಿತ್ರ ಮಾತ್ರ. ಅಲ್ಲಿ ಕೆಲಸ ನಡೆಯುತ್ತದೆ ಎಂದು ತೋರಿಸಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 1996ರಲ್ಲಿ ಹೈಜಿನ್ ಕಾಂಗ್ ಮತ್ತು ಎರಿನ್ ಶೂಮನ್ ಇಲಿಯ ಹಿಪೊಕ್ಯಾಂಪಸ್ ಎಂಬ, ನೆನಪಿಗೆ ಮುಖ್ಯವಾದ ಭಾಗದ ತೆಳು ಹೋಳು ತೆಗೆದುಕೊಂಡು ಡೆಂಡ್ರೈಟ್‌ಗಳನ್ನು ಒಡಲುಗಳಿಂದ ಕತ್ತರಿಸಿ ಬೇರ್ಪಡಿಸಿದರು. ಒಡಲಿನ ಸಂಪರ್ಕ ತಪ್ಪಿದ ಮೇಲೂ ಬಿಡಿಎನ್ಎಫ್ ಎಂಬ ಪೋಷಕ ರಾಸಾಯನಿಕ ಕೊಟ್ಟಾಗ ಸಿನಾಪ್ಸ್‌ಗಳು ಬಲಗೊಂಡವು. ಪ್ರೋಟೀನು ತಯಾರಿಕೆ ತಡೆದರೆ ಬಲಗೊಳ್ಳಲಿಲ್ಲ. ಒಡಲಿಲ್ಲ, ಬೀಜಕೇಂದ್ರವಿಲ್ಲ, ಆದರೂ ಹೊಸ ಪ್ರೋಟೀನು ಬಂತು. ಅದು ಅಲ್ಲೇ ತಯಾರಾಗಿರಲೇಬೇಕು.

ಮರುವರ್ಷ ಕೆಲ್ಸಿ ಮಾರ್ಟಿನ್, ಎರಿಕ್ ಕ್ಯಾಂಡೆಲ್ ಅವರ ಪ್ರಯೋಗಾಲಯದಲ್ಲಿ ಇನ್ನೂ ಅಂದವಾದ ಪ್ರಯೋಗ ನಡೆಸಿದರು. ಸಮುದ್ರದ ಬಸವನಹುಳುವಿನ ಜಾತಿಯ ಅಪ್ಲೀಸಿಯಾದ ಒಂದೇ ನರಕೋಶದ ಕವಲು ಎರಡಾಗಿ ಒಡೆದು ಎರಡು ಬೇರೆ ಕೋಶಗಳಿಗೆ ಸಿನಾಪ್ಸ್ ಕಟ್ಟುವಂತೆ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಒಂದು ಕವಲಿನ ಸಿನಾಪ್ಸ್‌ಗೆ ಮಾತ್ರ ಸಿರೊಟೊನಿನ್ ಹನಿಸಿದರು. ಅದೊಂದೇ ಬಲಗೊಂಡಿತು, ಇನ್ನೊಂದು ಹಾಗೇ ಉಳಿಯಿತು. ಹನಿಸಿದ ಜಾಗದಲ್ಲಿ ಪ್ರೋಟೀನು ತಯಾರಿಕೆ ತಡೆದಾಗ ಅದೂ ಬಲಗೊಳ್ಳಲಿಲ್ಲ. ವಿಳಾಸದ ಪ್ರಶ್ನೆಗೆ ಉತ್ತರದ ಒಂದು ಪಾಲು ಇಲ್ಲಿ ಸಿಕ್ಕಿತು. ಅದೇ ವರ್ಷ ಉವೆ ಫ್ರೇ ಮತ್ತು ರಿಚರ್ಡ್ ಮಾರಿಸ್ ಇನ್ನೊಂದು ಪಾಲು ಕೊಟ್ಟರು: ಚಟುವಟಿಕೆ ಕಂಡ ಸಿನಾಪ್ಸ್ ತಾತ್ಕಾಲಿಕ ಗುರುತು ಹಾಕಿಕೊಂಡು, ಬೇರೆಡೆ ತಯಾರಾಗಿ ಬರುವ ಪ್ರೋಟೀನನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ಎರಡೂ ಬಗೆ ಮಿದುಳಿನಲ್ಲಿ ಒಟ್ಟೊಟ್ಟಿಗೆ ನಡೆಯುತ್ತವೆ.

ಪ್ಯಾಟರ್ನ್ ಹೋಗುತ್ತದೆ, ಸಿದ್ಧ ಉಡುಪಲ್ಲ

ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೆಬಾವಿಪಾಳ್ಯದ ಒಳರಸ್ತೆಗಳನ್ನು ಬಲ್ಲವರಿಗೆ ಈ ವ್ಯವಸ್ಥೆ ಸುಲಭವಾಗಿ ತಿಳಿಯುತ್ತದೆ. ದೊಡ್ಡ ಕಾರ್ಖಾನೆ ಪ್ರತಿ ಅಂಗಿಯನ್ನೂ ತಾನೇ ಹೊಲಿಯುವುದಿಲ್ಲ. ಪ್ಯಾಟರ್ನಿನ ಪ್ರತಿಗಳನ್ನು ಮನೆಮಹಡಿಯ ಜಾಬ್ ವರ್ಕ್ ಘಟಕಗಳಿಗೆ ಕಳಿಸುತ್ತದೆ. ಅಲ್ಲಿ ಮಷೀನೂ ಇದೆ, ಬಟ್ಟೆಯೂ ಇದೆ. ಆರ್ಡರ್ ಬರುವ ತನಕ ಪ್ಯಾಟರ್ನ್ ಮಡಿಚಿ ಇಟ್ಟಿರುತ್ತಾರೆ. ನರಕೋಶವೂ ಮೂಲ ಪ್ಯಾಟರ್ನಾದ ಡಿಎನ್‌ಎಯನ್ನು ಒಡಲಲ್ಲೇ ಭದ್ರವಾಗಿಟ್ಟುಕೊಂಡು ಎಂಆರ್‌ಎನ್‌ಎ ಪ್ರತಿಗಳನ್ನು ಕವಲುಗಳಿಗೆ ಕಳಿಸುತ್ತದೆ. ಒಂದು ಪ್ರತಿಯಿಂದ ಎಷ್ಟೋ ಪ್ರೋಟೀನು ಕಟ್ಟಬಹುದಾದ್ದರಿಂದ ಸಾಗಾಟದ ಖರ್ಚೂ ಉಳಿಯುತ್ತದೆ.

ಪ್ರತಿಗಳು ಬಿಡಿಬಿಡಿಯಾಗಿ ಹೋಗುವುದಿಲ್ಲ. ಪ್ರೋಟೀನುಗಳ ಜೊತೆ ಸೇರಿ ಉಂಡೆಕಟ್ಟಿಕೊಂಡು, ಕೋಶದೊಳಗಿನ ನಾಳದಂಥ ಎಳೆಗಳ ಮೇಲೆ ಸಾಗುತ್ತವೆ. ಎಂಆರ್‌ಎನ್‌ಎಯ ಕೊನೆಯಲ್ಲಿ ಪ್ರೋಟೀನಾಗಿ ಓದಲಾಗದ ಒಂದು ಬಾಲವಿರುತ್ತದೆ. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಸೂಚನೆಗಳು ಹೆಚ್ಚಾಗಿ ಈ ಬಾಲದಲ್ಲಿರುತ್ತವೆ. ನೆನಪಿಗೆ ಬಹುಮುಖ್ಯವಾದ ಒಂದು ಪ್ರೋಟೀನಿನ ಎಂಆರ್‌ಎನ್‌ಎಯ ಬಾಲವನ್ನು 2002ರಲ್ಲಿ ಇಲಿಗಳಲ್ಲಿ ಬದಲಿಸಿದಾಗ ಅದು ಡೆಂಡ್ರೈಟಿಗೆ ಹೋಗದೆ ಒಡಲಲ್ಲೇ ಉಳಿಯಿತು. ಆ ಇಲಿಗಳಿಗೆ ದೀರ್ಘಕಾಲದ ನೆನಪು ನಿಲ್ಲಲಿಲ್ಲ.

ಹೀಗೆ ಹೋಗುವ ಪ್ರತಿಗಳು ಬೆರಳೆಣಿಕೆಯಷ್ಟಿರಬಹುದು ಎಂದು ಮೊದಲು ಭಾವಿಸಿದ್ದರು. 2012ರಲ್ಲಿ ಶೂಮನ್ ತಂಡ ಎಣಿಸಿದಾಗ ಸುಮಾರು ಎರಡೂವರೆ ಸಾವಿರ ಬಗೆಯ ಎಂಆರ್‌ಎನ್‌ಎ ಸಿಕ್ಕವು. 2019ರಲ್ಲಿ ಅದೇ ಪ್ರಯೋಗಾಲಯದ ವಿದ್ಯಾ ರಂಗರಾಜು ಈ ತಯಾರಿಕೆಗೆ ಬೇಕಾದ ಶಕ್ತಿಯನ್ನು ಆಯಾ ಜಾಗದ ಮೈಟೊಕಾಂಡ್ರಿಯಾಗಳೇ ಒದಗಿಸುತ್ತವೆ ಎಂದು ತೋರಿಸಿದರು. ಆಕ್ಸಾನಿನ ತುದಿಯಲ್ಲೂ ಪ್ರೋಟೀನು ತಯಾರಾಗುತ್ತದೆ ಎಂಬುದಕ್ಕೆ ಕೇಂಬ್ರಿಜಿನ ಕ್ರಿಸ್ಟೀನ್ ಹೋಲ್ಟ್ ಕಪ್ಪೆಮರಿಗಳಲ್ಲಿ ಪುರಾವೆ ಒದಗಿಸಿದರು. 2023ರ ಬ್ರೇನ್ ಪ್ರಶಸ್ತಿಯನ್ನು ಹೋಲ್ಟ್, ಶೂಮನ್ ಮತ್ತು ಮೈಕೆಲ್ ಗ್ರೀನ್‌ಬರ್ಗ್ ಹಂಚಿಕೊಂಡರು.

ಎರಡೂವರೆ ನಿಮಿಷದ ಕೆಲಸ

ಒಂದೇ ಒಂದು ಪ್ರೋಟೀನನ್ನು ಹತ್ತಿರದಿಂದ ನೋಡೋಣ. ಅದರ ಹೆಸರು ಪಿಎಸ್‌ಡಿ-95. ಸಿನಾಪ್ಸ್‌ನಲ್ಲಿ ಸಂದೇಶ ಸ್ವೀಕರಿಸುವ ಬದಿಯ ಪೊರೆಯ ಕೆಳಗೆ ಕುಳಿತು, ಗ್ರಾಹಕಗಳು ಜಾರಿಹೋಗದಂತೆ ಹಿಡಿದಿಡುವುದು ಅದರ ಕೆಲಸ. ಅದು ಹೆಚ್ಚಾದರೆ ಸಿನಾಪ್ಸ್ ಬಲಿಯುತ್ತದೆ. 724 ಅಮೈನೊ ಆಮ್ಲಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಒಂದು ಪಿಎಸ್‌ಡಿ-95 ಸಿದ್ಧ. ಮಿಲಿಮೀಟರಿನ ನಲವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಅಗಲದ ರೈಬೋಸೋಮ್ ಸೆಕೆಂಡಿಗೆ ಸುಮಾರು ಐದರ ಲೆಕ್ಕದಲ್ಲಿ ಜೋಡಿಸುತ್ತದೆ. ಅಂದರೆ ಹೆಚ್ಚುಕಡಿಮೆ ಎರಡೂವರೆ ನಿಮಿಷದ ಕೆಲಸ.

ಆ ಕೆಲಸ ಬೇಕಾದಾಗ ಮಾತ್ರ ನಡೆಯಬೇಕು. ಸಿನಾಪ್ಸ್ ಸುಮ್ಮನಿದ್ದಾಗ ಪಿಎಸ್‌ಡಿ-95ರ ಎಂಆರ್‌ಎನ್‌ಎಯ ಬಾಲಕ್ಕೆ ಮೈಆರ್-125ಎ ಎಂಬ ಪುಟಾಣಿ ಆರ್‌ಎನ್‌ಎ ಅಂಟಿಕೊಂಡಿರುತ್ತದೆ. ಅದನ್ನು ಅಲುಗಾಡದಂತೆ ಹಿಡಿದಿರುವುದು ಎಫ್‌ಎಂಆರ್‌ಪಿ ಎಂಬ ಪ್ರೋಟೀನು. ಹಿಡಿತ ಬಿಗಿಯಾಗಿರಲು ಎಫ್‌ಎಂಆರ್‌ಪಿಯ ಮೈಮೇಲೆ ಒಂದು ಫಾಸ್ಫೇಟ್ ಇರಬೇಕು. ಪಕ್ಕದ ನರಕೋಶದಿಂದ ಗ್ಲುಟಮೇಟ್ ಬಂದು ಎಂಗ್ಲೂಆರ್ ಎಂಬ ಗ್ರಾಹಕಕ್ಕೆ ತಾಗಿದ ಕೂಡಲೇ ಒಂದು ಕಿಣ್ವ ಆ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಹಿಡಿತ ಸಡಿಲ, ರೈಬೋಸೋಮ್ ಕೆಲಸಕ್ಕಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಿಣ್ವ ಫಾಸ್ಫೇಟನ್ನು ಮರಳಿ ಅಂಟಿಸುತ್ತದೆ, ತಯಾರಿಕೆ ನಿಲ್ಲುತ್ತದೆ.

ಈ ಬಿಗಿ-ಸಡಿಲದ ಪೂರ್ತಿ ಕ್ರಮವನ್ನು 2011ರಲ್ಲಿ ಬಿಡಿಸಿಟ್ಟ ಪ್ರಬಂಧದ ಮೊದಲ ಲೇಖಕ ರವಿ ಮುದ್ದಶೆಟ್ಟಿ. ಆಗ ಅವರು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಬ್ಯಾಸೆಲ್ ಅವರ ತಂಡದಲ್ಲಿದ್ದರು. ಆಮೇಲೆ ಬೆಂಗಳೂರಿಗೆ ಬಂದು ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ, ನಂತರ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿ ಇದೇ ವಿಷಯದ ಪ್ರಯೋಗಾಲಯ ನಡೆಸಿದರು.

ತಡೆಯೇ ಇಲ್ಲದಾಗ

ಎಫ್‌ಎಂಆರ್‌ಪಿ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಅವರಿಗಿರುವುದು ಫ್ರೆಜೈಲ್ ಎಕ್ಸ್ ಸಿಂಡ್ರೋಮ್. ಎಕ್ಸ್ ವರ್ಣತಂತುವಿನ ಮೇಲಿನ ಎಫ್‌ಎಂಆರ್1 ಎಂಬ ವಂಶವಾಹಿಯಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಸಾಮಾನ್ಯವಾಗಿ ಮೂವತ್ತರ ಆಸುಪಾಸು ಸಲ ಮರುಕಳಿಸಿರುತ್ತದೆ. ಅದು 200 ದಾಟಿದರೆ ವಂಶವಾಹಿಯ ಬಾಯಿ ಮುಚ್ಚಿಹೋಗುತ್ತದೆ, ಎಫ್‌ಎಂಆರ್‌ಪಿ ತಯಾರಾಗುವುದಿಲ್ಲ. 1991ರಲ್ಲಿ ಇದು ಪತ್ತೆಯಾಯಿತು. ಜಗತ್ತಿನ ಅಂದಾಜಿನಲ್ಲಿ ಸುಮಾರು 4,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಈ ತೊಂದರೆಯಿದೆ. ಹೆಣ್ಣುಮಕ್ಕಳಲ್ಲಿ ಕಡಿಮೆ, ಇದ್ದರೂ ಹೆಚ್ಚಾಗಿ ಸೌಮ್ಯ.

ಮಾತು ತಡ, ಓದು ತಲೆಗೆ ಹತ್ತದು, ಕಣ್ಣಲ್ಲಿ ಕಣ್ಣಿಟ್ಟು ನೋಡಲು ಹಿಂಜರಿಕೆ, ಜನಜಂಗುಳಿ ಮತ್ತು ಗದ್ದಲ ಎಂದರೆ ವಿಪರೀತ ಗಾಬರಿ, ಕೆಲವರಿಗೆ ಮೂರ್ಛೆ. ಬೆಳೆಯುತ್ತಾ ಮುಖ ನೀಳವಾಗಿ ಕಿವಿಗಳು ದೊಡ್ಡದಾಗಿ ಕಾಣಬಹುದು. ಆಟಿಸಂಗೆ ಕಾರಣವಾಗುವ ಒಂಟಿ ವಂಶವಾಹಿಗಳಲ್ಲಿ ಎಫ್‌ಎಂಆರ್1 ಅತಿ ಸಾಮಾನ್ಯವಾದವುಗಳಲ್ಲೊಂದು.

ಈ ಮಕ್ಕಳ ಮಿದುಳಿನಲ್ಲಿ ಪ್ರೋಟೀನು ತಯಾರಿಕೆ ಸಂದೇಶಕ್ಕೆ ಕಾಯುವುದಿಲ್ಲ. ಬ್ಯಾಸೆಲ್ ಮತ್ತು ಮುದ್ದಶೆಟ್ಟಿ 2007ರಲ್ಲಿ ಎಫ್‌ಎಂಆರ್‌ಪಿ ಇಲ್ಲದ ಇಲಿಗಳಲ್ಲಿ ಕಂಡದ್ದು ಇದು: ಸಿನಾಪ್ಸ್ ಸುಮ್ಮನಿದ್ದಾಗಲೇ ತಯಾರಿಕೆ ಮಿತಿಮೀರಿ ನಡೆದಿರುತ್ತದೆ, ಎಂಗ್ಲೂಆರ್‌ಗೆ ನಿಜವಾದ ಸಂದೇಶ ಬಂದಾಗ ಅದು ಏರುವುದೇ ಇಲ್ಲ. ಈ ಎರಡನೆಯ ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮಗು ಕಲಿಯಲು ಒಲ್ಲೆನೆನ್ನುತ್ತಿಲ್ಲ. ಪಾಠ ಕಿವಿಗೆ ಬೀಳುತ್ತದೆ, ನರಕೋಶಕ್ಕೂ ತಲುಪುತ್ತದೆ. ಸಿನಾಪ್ಸ್‌ನ ತುದಿಯಲ್ಲಿ ಅದಕ್ಕೆ ಸಿಗಬೇಕಾದ ಉತ್ತರ ಸಿಗುತ್ತಿಲ್ಲ. ಅಂಥ ಮಗುವಿಗೆ ‘ಮೊದ್ದು’ ಎಂದು ಹೆಸರಿಟ್ಟು ಕೊನೆಯ ಬೆಂಚಿಗೆ ಕಳಿಸುವ ಶಾಲೆಗಳು ಇವತ್ತಿಗೂ ಇವೆ ಎಂಬುದು ಸಂಕಟದ ವಿಷಯ.

ಬೆಂಗಳೂರಿನ ಮೇಜುಗಳ ಮೇಲೆ

ಒಂದು ಸಿನಾಪ್ಸ್‌ನೊಳಗೆ ಈಗಷ್ಟೇ ತಯಾರಾದ ಪ್ರೋಟೀನನ್ನು ಹೇಗೆ ಕಾಣುವುದು? ಒಂದು ದಾರಿ, ಇಲಿಯ ಮಿದುಳಿನ ತುಣುಕನ್ನು ತಣ್ಣನೆಯ ದ್ರಾವಣದಲ್ಲಿ ಮೆಲ್ಲಗೆ ಅರೆದು ಬಹುಸಣ್ಣ ರಂಧ್ರಗಳ ಜಾಲರಿಯಲ್ಲಿ ಸೋಸುವುದು. ಆಗ ಸಿನಾಪ್ಸ್‌ನ ತುದಿಗಳು ಕಿತ್ತುಬಂದು, ಪೊರೆ ತಾನೇ ಮುಚ್ಚಿಕೊಂಡು ಪುಟ್ಟ ಚೀಲಗಳಾಗುತ್ತವೆ. ಒಳಗೆ ರೈಬೋಸೋಮ್, ಎಂಆರ್‌ಎನ್‌ಎ ಎಲ್ಲ ಇರುತ್ತವೆ. ಒಡಲಿನಿಂದ ಕಳಚಿಬಂದ ಈ ಚೀಲಗಳಿಗೆ ಗ್ಲುಟಮೇಟಿನಂಥ ಸಂದೇಶ ಕೊಟ್ಟರೆ ಅವು ಸ್ವಲ್ಪ ಹೊತ್ತು ಹೊಸ ಪ್ರೋಟೀನು ತಯಾರಿಸುತ್ತವೆ.

ಇನ್ನೊಂದು ದಾರಿ, ಬೆಳೆಸಿದ ನರಕೋಶಗಳಿಗೆ ಮೆಥಿಯೊನಿನ್ ಅಮೈನೊ ಆಮ್ಲದ ಬದಲು ಅದನ್ನೇ ಹೋಲುವ ಕೃತಕ ಅಣು ಕೊಡುವುದು. ರೈಬೋಸೋಮ್ ಅದನ್ನೇ ಬಳಸಿ ಪ್ರೋಟೀನು ಕಟ್ಟುತ್ತದೆ. ಆಮೇಲೆ ಆ ಕೃತಕ ಅಣುವಿಗೆ ಹೊಳೆಯುವ ಬಣ್ಣ ಅಂಟಿಸಿದರೆ ಹೊಸದಾಗಿ ತಯಾರಾದ ಪ್ರೋಟೀನು ಮಾತ್ರ ಬೆಳಗುತ್ತದೆ, ಹಳೆಯದು ಕತ್ತಲಲ್ಲೇ ಉಳಿಯುತ್ತದೆ.

ಜಿಕೆವಿಕೆ ಆವರಣದಲ್ಲೇ ಇರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಗಾಬರಿ ಮತ್ತು ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗವನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಫ್ರೆಜೈಲ್ ಎಕ್ಸ್ ಮಕ್ಕಳನ್ನು ಕಾಡುವ ಗಾಬರಿಯ ಬೇರು ಅಲ್ಲಿರಬಹುದು. 2010ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎಫ್‌ಎಂಆರ್‌ಪಿ ಇಲ್ಲದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಎಂಗ್ಲೂಆರ್‌ನ ಪರಿಣಾಮ ಅತಿಯಾದರೆ, ಅಮಿಗ್ಡಲಾದಲ್ಲಿ ಅದು ಕುಗ್ಗಿತ್ತು. ಎಂಗ್ಲೂಆರ್ ತಡೆಯುವ ಔಷಧಿ ಅಮಿಗ್ಡಲಾದ ಕೆಲವು ದೋಷಗಳನ್ನು ಸರಿಪಡಿಸಿತು, ಎಲ್ಲವನ್ನೂ ಅಲ್ಲ. ಒಂದೇ ಪ್ರೋಟೀನಿನ ಕೊರತೆ ಮಿದುಳಿನ ಬೇರೆ ಬೇರೆ ಮೂಲೆಗಳಲ್ಲಿ ಬೇರೆ ಬೇರೆ ಏರುಪೇರು ತರುತ್ತದೆ ಎಂಬ ಈ ಎಚ್ಚರಿಕೆ ಆಮೇಲೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಬೇಕಾಗುತ್ತದೆ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್, ಬುದ್ಧಿಬೆಳವಣಿಗೆಯ ಇನ್ನೊಂದು ತೊಂದರೆಗೆ ಕಾರಣವಾಗುವ ಸಿನ್‌ಗ್ಯಾಪ್1 ಎಂಬ ವಂಶವಾಹಿಯನ್ನು ಅಧ್ಯಯನ ಮಾಡುತ್ತಾರೆ. ಅದರ ಪ್ರೋಟೀನು ತಯಾರಿಕೆಯನ್ನೂ ಎಫ್‌ಎಂಆರ್‌ಪಿ ನಿಯಂತ್ರಿಸುತ್ತದೆ ಎಂದು 2019ರಲ್ಲಿ ಅವರೂ ಮುದ್ದಶೆಟ್ಟಿ ಅವರೂ ಸೇರಿ ತೋರಿಸಿದರು.

ಮರೆವಿನ ಮೊದಲ ಹೆಜ್ಜೆ

ತಯಾರಿಕೆ ಮಿತಿಮೀರಿದರೆ ಫ್ರೆಜೈಲ್ ಎಕ್ಸ್. ತಯಾರಿಕೆ ಬತ್ತಿದರೆ? ಅಲ್ಜೀಮರ್ ಕಾಯಿಲೆಯ ಆರಂಭದಲ್ಲಿ ಹಾಗೇ ಆಗುತ್ತಿರುವ ಸೂಚನೆಗಳಿವೆ.

ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ ವಿಜಯಲಕ್ಷ್ಮಿ ರವೀಂದ್ರನಾಥ್ ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿ, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ, ಮರಳಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ ಆರಂಭಿಸಿದವರು. 2017ರಲ್ಲಿ ಅವರ ತಂಡ ಅಲ್ಜೀಮರ್ ಮಾದರಿಯ ಇಲಿಗಳ ಸಿನಾಪ್ಸ್‌ಗಳನ್ನು ಪರೀಕ್ಷಿಸಿತು. ಮರೆವು ಇನ್ನೂ ಕಾಣಿಸಿಕೊಳ್ಳದ ಎಳೆಯ ಇಲಿಗಳಲ್ಲೇ, ಚಟುವಟಿಕೆಗೆ ಉತ್ತರವಾಗಿ ನಡೆಯಬೇಕಾದ ಪ್ರೋಟೀನು ತಯಾರಿಕೆ ಸೊರಗಿತ್ತು. ಕಾರಣ, ಉತ್ಕರ್ಷಣದ ಒತ್ತಡದಿಂದ ಎಕೆಟಿ1 ಎಂಬ ಸಂದೇಶವಾಹಕ ಪ್ರೋಟೀನು ಸಿನಾಪ್ಸ್‌ನಲ್ಲಿ ನಿಷ್ಕ್ರಿಯವಾಗುವುದು.

ಎಪಿಒಇ ಎಂಬ ವಂಶವಾಹಿಯ 4ನೇ ಬಗೆ ಇರುವವರಿಗೆ ಅಲ್ಜೀಮರ್ ಬರುವ ಸಾಧ್ಯತೆ ಹೆಚ್ಚು, ಖಂಡಿತ ಬರುತ್ತದೆಂದೇನಲ್ಲ. ಮುದ್ದಶೆಟ್ಟಿ ತಂಡ 2021ರಲ್ಲಿ ಪ್ರಕಟಿಸಿದಂತೆ, ಈ 4ನೇ ಬಗೆಯ ಪ್ರೋಟೀನು ನರಕೋಶದೊಳಗಿನ ಕ್ಯಾಲ್ಸಿಯಂ ಸಮತೋಲನ ಕೆಡಿಸಿ, ಅಲ್ಲಿನ ಪ್ರೋಟೀನು ತಯಾರಿಕೆಯನ್ನು ಕುಗ್ಗಿಸುತ್ತದೆ. ಮನುಷ್ಯರಲ್ಲಿ ಇದರ ಜಾಡು ಹಿಡಿಯಲು ಪ್ರಯೋಗಾಲಯವೊಂದೇ ಸಾಲದು. ಅದಕ್ಕೇ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಳ್ಳುವ ಗುರಿಯಿಟ್ಟುಕೊಂಡು, ವರ್ಷಗಟ್ಟಲೆ ಅವರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ದಾಖಲಿಸುತ್ತಿದೆ. ಮಾವಿನ ಸೀಮೆಯ ರೈತರು ಮತ್ತು ಕೂಲಿಕಾರರು ವಿಜ್ಞಾನಕ್ಕೆ ಕೊಡುತ್ತಿರುವ ಈ ಕೊಡುಗೆಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಔಷಧಿ ಏನಾಯಿತು?

ಫ್ರೆಜೈಲ್ ಎಕ್ಸ್‌ನಲ್ಲಿ ಎಂಗ್ಲೂಆರ್ ಕೊಡುವ ಸಂದೇಶಕ್ಕೆ ತಡೆಯೇ ಇಲ್ಲವಾದರೆ ಸಂದೇಶವನ್ನೇ ತಗ್ಗಿಸಿದರಾಯಿತಲ್ಲ ಎಂಬುದು ಮಾರ್ಕ್ ಬೇರ್ ಮತ್ತು ಸಂಗಡಿಗರು 2004ರಲ್ಲಿ ಮುಂದಿಟ್ಟ ವಿಚಾರ. 2007ರಲ್ಲಿ ಇಲಿಗಳಲ್ಲಿ ಆ ಗ್ರಾಹಕವನ್ನು ಅರ್ಧಕ್ಕಿಳಿಸಿದಾಗ ಅನೇಕ ಲಕ್ಷಣಗಳು ತಗ್ಗಿದವು. ನೊವಾರ್ಟಿಸ್ ಮತ್ತು ರೋಶ್ ಕಂಪನಿಗಳು ಔಷಧಿ ತಯಾರಿಸಿ ಹದಿಹರೆಯದವರ ಮತ್ತು ವಯಸ್ಕರ ಮೇಲೆ ಪರೀಕ್ಷಿಸಿದವು. ಖಾಲಿ ಗುಳಿಗೆ ತೆಗೆದುಕೊಂಡವರಿಗಿಂತ ಔಷಧಿ ತೆಗೆದುಕೊಂಡವರಲ್ಲಿ ಹೆಚ್ಚಿನ ಸುಧಾರಣೆ ಕಾಣಲಿಲ್ಲ. ನೊವಾರ್ಟಿಸ್ 2014ರಲ್ಲಿ ಕೈಬಿಟ್ಟಿತು. ರೋಶ್ ಔಷಧಿಯೂ ಮುಂದೆ ಹೋಗಲಿಲ್ಲ.

ಇದರಿಂದ ಮೂಲ ವಿಚಾರವೇ ಸುಳ್ಳೆಂದು ನಾನು ತಿಳಿಯುವುದಿಲ್ಲ. ಸಿನಾಪ್ಸ್‌ಗಳು ಹುಟ್ಟಿ ಬಲಿಯುವ ಎಳವೆಯಲ್ಲಿ ಕೊಡಬೇಕಾದ ಔಷಧಿಯನ್ನು ಮಿದುಳು ಬಲಿತ ಮೇಲೆ ಕೊಟ್ಟದ್ದು ಒಂದು ಕಾರಣವಿರಬಹುದು. ಅಮಿಗ್ಡಲಾ ಮತ್ತು ಹಿಪೊಕ್ಯಾಂಪಸ್‌ಗಳಲ್ಲಿ ದೋಷ ಒಂದೇ ತೆರನಾಗಿಲ್ಲ ಎಂಬುದು ಬೆಂಗಳೂರಿನಲ್ಲಿ ಮೊದಲೇ ಕಂಡಿತ್ತು. ಇನ್‌ಸ್ಟೆಮ್‌ನ ಮಿದುಳು ಬೆಳವಣಿಗೆ ಕೇಂದ್ರದ ಸಹಭಾಗಿಯಾದ ಎಡಿನ್‌ಬರೊ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಎಳೆಯ ಇಲಿಗಳಿಗೆ ಐದು ವಾರ ಮಾತ್ರ ಲೊವಾಸ್ಟಾಟಿನ್ ಕೊಟ್ಟಿತು. ಕೊಲೆಸ್ಟರಾಲ್‌ಗೆಂದು ಕೊಡುವ ಈ ಔಷಧಿ ಅತಿಯಾದ ಪ್ರೋಟೀನು ತಯಾರಿಕೆಯನ್ನೂ ತಗ್ಗಿಸುತ್ತದೆ. ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಆ ಇಲಿಗಳು ಚೆನ್ನಾಗಿ ಕಲಿಯುತ್ತಿದ್ದವು. ಇದು ಇಲಿಗಳ ಫಲಿತಾಂಶ. ಮಕ್ಕಳಿಗೆ ಯಾರೂ ತಾವಾಗಿಯೇ ಇದನ್ನು ಕೊಡಬಾರದು.

ಹೊಸೂರು ರಸ್ತೆಯ ಮನೆಗಳಲ್ಲಿ

ಹಾಗಾದರೆ ಇಂದಿಗೆ ಏನು ಮಾಡಬಹುದು? ಮೊದಲನೆಯದು ಗುರುತಿಸುವುದು. ಬೊಮ್ಮನಹಳ್ಳಿಯಿಂದ ಇದೇ ರಸ್ತೆಯಲ್ಲಿ ನಗರದತ್ತ ಹೋದರೆ ನಿಮ್ಹಾನ್ಸ್. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಪರೀಕ್ಷಿಸುವ ವೈದ್ಯರು ಅಲ್ಲಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯತ್ತ ಹೋದರೆ ಬಯೋಟೆಕ್ ಪಾರ್ಕಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದೆ. ಆನುವಂಶಿಕ ಕಾಯಿಲೆಗಳ ಪತ್ತೆ ಮತ್ತು ಕುಟುಂಬಗಳಿಗೆ ಸಲಹೆ ಕೊಡುವುದು ಅದರ ಕೆಲಸ. ಫ್ರೆಜೈಲ್ ಎಕ್ಸ್ ಪತ್ತೆಗೆ ಬೇಕಾದದ್ದು ರಕ್ತದ ಪರೀಕ್ಷೆ. ಮಾತಿನ ತರಬೇತಿ, ಗಾಬರಿ ತಗ್ಗಿಸುವ ಅಭ್ಯಾಸಗಳು, ಮೂರ್ಛೆಗೆ ಔಷಧಿ, ಮಗುವಿನ ವೇಗಕ್ಕೆ ಹೊಂದುವ ಪಾಠ: ಇವನ್ನು ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು.

ಎರಡನೆಯದು ತಾಯಂದಿರ ಮೇಲಿನ ಆಪಾದನೆ. ಬೆಳಿಗ್ಗೆ ಮಗುವನ್ನು ಅತ್ತೆಯ ಕೈಗೋ ಅಂಗನವಾಡಿಗೋ ಒಪ್ಪಿಸಿ ಗಾರ್ಮೆಂಟ್ಸ್‌ಗೆ ಓಡುವ ಹೆಣ್ಣುಮಗಳಿಗೆ, “ನೀನು ನೋಡಿಕೊಳ್ಳದೇ ಇದ್ದದ್ದಕ್ಕೇ ಹೀಗಾಯ್ತು” ಎನ್ನುವವರು ಮನೆಯಲ್ಲೂ ಓಣಿಯಲ್ಲೂ ಸಿಗುತ್ತಾರೆ. ಸೋದರಮಾವನನ್ನು ಮದುವೆಯಾಗಿದ್ದರೆ ಅದಕ್ಕೇ ಎನ್ನುತ್ತಾರೆ. ಹತ್ತಿರದ ಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಇರುವುದು ನಿಜ, ಆದರೆ ಫ್ರೆಜೈಲ್ ಎಕ್ಸ್‌ಗೆ ಅದು ಬೇಕಿಲ್ಲ. ತಾಯಿಯ ಒಂದು ಎಕ್ಸ್ ವರ್ಣತಂತುವಿನಲ್ಲಿ ಸಿಜಿಜಿ ತುಣುಕುಗಳು 55ರಿಂದ 200ರ ನಡುವೆ ಇದ್ದರೆ ಆಕೆಯ ಓದುಬರಹಕ್ಕೆ ಸಾಮಾನ್ಯವಾಗಿ ಏನೂ ತೊಡಕಾಗುವುದಿಲ್ಲ. ಅದೇ ವರ್ಣತಂತು ಮಗುವಿಗೆ ದಾಟುವಾಗ ತುಣುಕುಗಳ ಸಂಖ್ಯೆ ಒಮ್ಮೆಲೇ 200 ಮೀರಬಹುದು.

ಆ ವರ್ಣತಂತು ಆಕೆಗೆ ತನ್ನ ತಾಯಿಯಿಂದಲೂ ಬಂದಿರಬಹುದು, ತಂದೆಯಿಂದಲೂ ಬಂದಿರಬಹುದು. ತಂದೆಯಿಂದಾಗಿದ್ದರೆ ಆತನ ಹೆಣ್ಣುಮಕ್ಕಳಿಗೆಲ್ಲ ಅದು ಹೋಗಿರುತ್ತದೆ, ಗಂಡುಮಕ್ಕಳಿಗೆ ಹೋಗಿರುವುದಿಲ್ಲ. ಹಾಗೆ ಹೊತ್ತ ಗಂಡಸರಲ್ಲಿ ಕೆಲವರಿಗೆ ಐವತ್ತು ದಾಟಿದ ಮೇಲೆ ಕೈನಡುಕ ಮತ್ತು ನಡೆಯುವಾಗ ತೂರಾಟ ಶುರುವಾಗುತ್ತದೆ. ಹೆಂಗಸರಲ್ಲಿ ಕೆಲವರಿಗೆ ನಲವತ್ತಕ್ಕೆ ಮೊದಲೇ ಮುಟ್ಟು ನಿಲ್ಲುತ್ತದೆ. ಅದಕ್ಕೇ ಈ ವಿಷಯ ಬಲ್ಲ ವೈದ್ಯರು ಮಗುವನ್ನು ಪರೀಕ್ಷಿಸುವ ಮೊದಲು ತಾಯಿಯನ್ನು ಕೂರಿಸಿಕೊಂಡು, ಆಕೆಯ ಅಪ್ಪನ ಕೈ ನಡುಗುತ್ತಿತ್ತೇ, ಅಕ್ಕತಂಗಿಯರಲ್ಲಿ ಯಾರಿಗಾದರೂ ಬೇಗ ಮುಟ್ಟು ನಿಂತಿದೆಯೇ, ಚಿಕ್ಕಮ್ಮನ ಮಕ್ಕಳಲ್ಲಿ ಮಾತು ತಡವಾದವರಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಒಂದು ಮಗುವಿನಲ್ಲಿ ಫ್ರೆಜೈಲ್ ಎಕ್ಸ್ ಪತ್ತೆಯಾದರೆ ತಾಯಿಯ ಅಕ್ಕತಂಗಿಯರೂ ಮುಂದಿನ ಬಸಿರಿಗೆ ಮುಂಚೆ ಅದೇ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.